ದೃಢೀಕರಣದ ನಂತರ ನಿಂತುಹೋಗುವ ಧರ್ಮೋಪದೇಶ: ವಯಸ್ಕರ ವಿಶ್ವಾಸಕ್ಕೆ ನಮ್ಮ ಧರ್ಮಕೇಂದ್ರಗಳಲ್ಲಿ ಜಾಗವೆಲ್ಲಿ?

ಚರ್ಚೆಯ ಆರಂಭ: ಹಾಸನ ಕಡೆಯ ವಾಚಕ

ಎಲ್ಲರಿಗೂ ವಂದನೆಗಳು. ನಮ್ಮ ಕಥೋಲಿಕ ಧರ್ಮಕೇಂದ್ರದಲ್ಲಿ (ಪ್ಯಾರಿಷ್) ಭಾನುವಾರದ ಬಲಿಪೂಜೆ (ಮಾಸ್) ಮುಗಿಯುತ್ತಿದ್ದಂತೆ ಮಕ್ಕಳು ತಮ್ಮ ತಮ್ಮ ತರಗತಿಯ ಧರ್ಮೋಪದೇಶಕ್ಕೆ, ಅಂದರೆ ವಿಶ್ವಾಸದ ಪಾಠಕ್ಕೆ, ಹೋಗುತ್ತಾರೆ. ತಂದೆತಾಯಿಯರು ಅಂಗಳದ ಮರದ ನೆರಳಿನಲ್ಲಿ ನಿಂತು, ಮೊಬೈಲ್ ನೋಡುತ್ತಲೋ ಶುಂಠಿಯ ಬೆಲೆ ಮಾತನಾಡುತ್ತಲೋ, ತರಗತಿ ಬಿಡುವವರೆಗೆ ಕಾಯುತ್ತಾರೆ. ಆ ಮಕ್ಕಳಲ್ಲಿ ದೊಡ್ಡವರು, ದೀಕ್ಷಾಸ್ನಾನದ ವಿಶ್ವಾಸವನ್ನು ಬಲಪಡಿಸುವ ದೃಢೀಕರಣ ಸಂಸ್ಕಾರ ಪಡೆದ ಮೇಲೆ ಅವರೂ ಬಂದು ಅದೇ ಮರದ ಕೆಳಗೆ ನಿಲ್ಲುತ್ತಾರೆ. ಅಲ್ಲಿಗೆ ಅವರ ಕಲಿಕೆ ಮುಗಿಯಿತು. ಮುಂದೆ ಅವರು ಧರ್ಮಕೇಂದ್ರದಲ್ಲಿ ಮತ್ತೊಮ್ಮೆ ಪಾಠಕ್ಕೆ ಕೂರುವುದು ಮದುವೆಗೆ ಮುಂಚಿನ ಸಿದ್ಧತಾ ಶಿಬಿರದಲ್ಲಿ, ಅದೂ ಪ್ರಮಾಣಪತ್ರ ಬೇಕೆಂಬ ಕಾರಣಕ್ಕೆ.

ಧರ್ಮಸಭೆ ನಮ್ಮಿಂದ ಬಯಸುವುದು ಇದಲ್ಲ. 1971ರಲ್ಲಿ ರೋಮ್ ಹೊರಡಿಸಿದ ಧರ್ಮೋಪದೇಶದ ಮೊದಲ ನಿರ್ದೇಶಿಕೆಯೇ ವಯಸ್ಕರಿಗೆ ನೀಡುವ ಧರ್ಮೋಪದೇಶವು ಎಲ್ಲ ಬಗೆಯ ಧರ್ಮೋಪದೇಶಗಳಲ್ಲಿ ಪ್ರಧಾನವಾದದ್ದೆಂದು ಹೇಳಿತು. ಜಗದ್ಗುರು ಎರಡನೆಯ ಜಾನ್ ಪಾಲರು 1979ರಲ್ಲಿ ಅದೇ ಮಾತನ್ನು ಪುನರುಚ್ಚರಿಸಿದರು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 776ನೆಯ ವಿಧಿಯು ಧರ್ಮಕೇಂದ್ರದ ಗುರುಗಳ ಹೊಣೆಯನ್ನು ವಿವರಿಸುವಾಗ ವಯಸ್ಕರನ್ನು ಮೊದಲು ಹೆಸರಿಸಿ, ಆಮೇಲೆ ಯುವಜನರನ್ನೂ ಮಕ್ಕಳನ್ನೂ ಹೆಸರಿಸುತ್ತದೆ. ಇಷ್ಟೆಲ್ಲ ಬರೆದಿಟ್ಟು ಅರ್ಧ ಶತಮಾನವಾದರೂ ನಮ್ಮಲ್ಲಿ ಪುಸ್ತಕ, ಪರೀಕ್ಷೆ, ಬಹುಮಾನ, ಬೋಧಕರ ತರಬೇತಿ ಎಲ್ಲವೂ ಮಕ್ಕಳ ಸುತ್ತಲೇ ನಡೆಯುತ್ತಿವೆ. ಮಕ್ಕಳಿಗೆ ಕೊಡುವುದನ್ನು ಕಡಿಮೆ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಮನೆಯಲ್ಲಿ ಪ್ರಾರ್ಥಿಸದ, ಪ್ರಶ್ನೆಗೆ ಉತ್ತರಿಸಲಾಗದ ತಂದೆತಾಯಿಯರ ನಡುವೆ ಬೆಳೆಯುವ ಮಗುವಿಗೆ ವಾರಕ್ಕೊಂದು ಗಂಟೆಯ ತರಗತಿ ಎಷ್ಟು ದೂರ ಜೊತೆಯಾದೀತು?

ಕಳೆದ ತಪಸ್ಸುಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ನಮ್ಮ ಬೀದಿಯ ಕಿರು ಕ್ರೈಸ್ತ ಸಮುದಾಯದ, ಅಂದರೆ ನೆರೆಹೊರೆಯ ಕುಟುಂಬಗಳ, ಕೂಟದಲ್ಲಿ ನಡೆದದ್ದನ್ನು ಹೇಳುತ್ತೇನೆ. ಜಪಸರ (ರೋಜರಿ) ಮುಗಿದು ಎಲ್ಲರೂ ಏಳುವಷ್ಟರಲ್ಲಿ, ವಯಸ್ಸಾದ ಅಜ್ಜಿಯೊಬ್ಬರು, ದೀಕ್ಷಾಸ್ನಾನ ಕೊಡಿಸುವ ಮೊದಲೇ ತೀರಿಕೊಂಡ ತಮ್ಮ ಚೊಚ್ಚಲ ಮಗು ಈಗ ಎಲ್ಲಿದೆ ಎಂದು ಕೇಳಿದರು. ಅವರು ಚಿಕ್ಕಂದಿನಲ್ಲಿ ಕಲಿತದ್ದು, ಅಂಥ ಶಿಶುಗಳು ದೇವರ ದರ್ಶನವಿಲ್ಲದ ಬೇರೊಂದು ಸ್ಥಳಕ್ಕೆ ಹೋಗುತ್ತವೆ ಎಂದು. ಅದು ಎಂದೂ ಧರ್ಮಸಭೆಯ ಅಧಿಕೃತ ಸಿದ್ಧಾಂತವಾಗಿರಲಿಲ್ಲ, ಶತಮಾನಗಳ ಕಾಲ ಬೋಧನೆಯಲ್ಲಿ ಬಳಕೆಯಲ್ಲಿದ್ದ ಒಂದು ದೈವಶಾಸ್ತ್ರೀಯ ಅಭಿಪ್ರಾಯ ಮಾತ್ರ. 1992ರ ಧರ್ಮೋಪದೇಶ ಗ್ರಂಥವು ಅಂಥ ಶಿಶುಗಳನ್ನು ದೇವರ ಕರುಣೆಗೆ ಒಪ್ಪಿಸುತ್ತದೆ; ಅವರ ರಕ್ಷಣೆಯನ್ನು ನಿರೀಕ್ಷಿಸಲು ಗಂಭೀರವಾದ ಆಧಾರಗಳಿವೆಯೆಂದು ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವು 2007ರಲ್ಲಿ ವಿವರವಾಗಿ ಬರೆಯಿತು. ಕೂಟದಲ್ಲಿದ್ದ ಒಬ್ಬರು ಇದನ್ನು ಬಿಡಿಸಿ ಹೇಳಿದಾಗ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಇಷ್ಟ್ ವರ್ಸ ಇದನ್ನ ಯಾರೂ ಹೇಳ್ಲೇ ಇಲ್ವಲ್ಲಪ್ಪ" ಎಂದರು. ಪ್ರತಿ ಭಾನುವಾರ ತಪ್ಪದೆ ಬಲಿಪೂಜೆಗೆ ಬರುವವರು ಅವರು. ಆ ಪ್ರಶ್ನೆಯನ್ನು ಕೇಳಲು ಅವರಿಗೆ ಒಂದು ಜಾಗ ಸಿಕ್ಕಿರಲಿಲ್ಲ.

ಆದ್ದರಿಂದ ನನ್ನ ಕೋರಿಕೆ: ನಿಮ್ಮ ಧರ್ಮಕೇಂದ್ರಗಳಲ್ಲಿ ವಯಸ್ಕರಿಗಾಗಿ ಏನು ನಡೆಯುತ್ತಿದೆ, ಏನು ನಿಂತುಹೋಯಿತು, ಏಕೆ ನಿಂತಿತು ಎಂಬುದನ್ನು ದಯವಿಟ್ಟು ಬರೆಯಿರಿ.

ಕನಕಪುರ ಕಡೆಯ ನಿವೃತ್ತ ಶಿಕ್ಷಕ

ವಾಚಕರು ಎತ್ತಿರುವ ವಿಷಯ ಸಕಾಲಿಕವಾದದ್ದು. ಒಂದು ಮಾತನ್ನು ಮಾತ್ರ ಸೇರಿಸಬೇಕಾಗಿದೆ. ಕನ್ನಡ ನಾಡಿನ ಕಥೋಲಿಕ ಸಮುದಾಯವು ವಯಸ್ಕರ ಬೋಧನೆಯನ್ನು ಇಂದು ಹೊಸದಾಗಿ ಕಂಡುಕೊಳ್ಳಬೇಕಾಗಿಲ್ಲ. ನಾವು ಅದನ್ನು ಒಮ್ಮೆ ಹೊಂದಿದ್ದು ಕಳೆದುಕೊಂಡಿದ್ದೇವೆ. ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಯೇಸುಸಭೆಯ (ಜೆಸ್ವಿಟ್) ಗುರು ಲಿಯೊನಾರ್ದೊ ಚಿನ್ನಾಮಿಯವರು ಶ್ರೀರಂಗಪಟ್ಟಣದ ಸುತ್ತಮುತ್ತ ಮೈಸೂರು ಮಿಷನ್ ಆರಂಭಿಸಿದಾಗ ಅವರ ಮುಂದೆ ಬಂದು ಕುಳಿತವರೆಲ್ಲ ವಯಸ್ಕರೇ. 1773ರಲ್ಲಿ ರೋಮ್ ಯೇಸುಸಭೆಯನ್ನು ವಿಸರ್ಜಿಸಿದ ಮೇಲೆ ಈ ಸೀಮೆಯ ಹಳ್ಳಿಗಳಿಗೆ ಗುರುಗಳು ಬರುವುದೇ ಅಪರೂಪವಾಯಿತು. ಮುಂದೆ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಗುರುಗಳು ಬಂದರೂ, ಅಬ್ಬೆ ದ್ಯುಬುವಾ ಅವರಂಥ ಒಬ್ಬೊಬ್ಬ ಗುರು ಎಷ್ಟೋ ಊರುಗಳನ್ನು ಸುತ್ತಬೇಕಾಗಿತ್ತು. ಆ ನಡುವಿನ ದಿನಗಳಲ್ಲಿ ವಿಶ್ವಾಸವನ್ನು ಉಳಿಸಿದವರು ಊರಿನ ಉಪದೇಶಿಗಳು. ಪ್ರಾರ್ಥನೆ ನಡೆಸುವುದು, ಸಾಯುವವರ ಬಳಿ ಕೂರುವುದು, ಮದುವೆಗೆ ಜೋಡಿಗಳನ್ನು ಅಣಿಗೊಳಿಸುವುದು, ಜಗಳ ಬಿಡಿಸುವುದು ಎಲ್ಲವೂ ಅವರ ಕೆಲಸವಾಗಿತ್ತು. ನನ್ನ ಬಾಲ್ಯದ ಉಪದೇಶಿಗಳಿಗೆ ಓದು ಹೆಚ್ಚಿರಲಿಲ್ಲ, ಆದರೆ ಊರಿನ ಪ್ರತಿ ಮನೆಯ ಒಳಗೂ ಅವರಿಗೆ ಮಾತಿನ ಸಲುಗೆಯಿತ್ತು.

ಗುರುಗಳ ಸಂಖ್ಯೆ ಹೆಚ್ಚಿ, ಪ್ರತಿ ಧರ್ಮಕೇಂದ್ರಕ್ಕೂ ನಿವಾಸಿ ಗುರುಗಳು ಬಂದ ಮೇಲೆ ಉಪದೇಶಿಯವರ ಸ್ಥಾನ ಕುಗ್ಗುತ್ತಾ ಬಂದು, ಅನೇಕ ಕಡೆ ಅವರು ಗಂಟೆ ಬಾರಿಸುವ ಮತ್ತು ಪೀಠ ಅಣಿಗೊಳಿಸುವ ಕೆಲಸಕ್ಕೆ ಸೀಮಿತರಾದರು. ಇಂದು ಮಕ್ಕಳಿಗೆ ಬೋಧಿಸುವವರನ್ನು 'ಟೀಚರ್' ಎನ್ನುತ್ತೇವೆ. ವಯಸ್ಕರ ಮನೆಗೆ ಹೋಗಿ ಕೂರುವವರು ಯಾರೂ ಇಲ್ಲ. ಜಗದ್ಗುರು ಫ್ರಾನ್ಸಿಸರು 2021ರ ಮೇ 10ರಂದು ಪತ್ರವೊಂದರ ಮೂಲಕ ಧರ್ಮೋಪದೇಶಕರ ಸೇವೆಯನ್ನು, ಗುರುಪಟ್ಟ ಪಡೆಯದ ಶ್ರೀಸಾಮಾನ್ಯ ಸ್ತ್ರೀಪುರುಷರಿಬ್ಬರಿಗೂ ಧರ್ಮಾಧ್ಯಕ್ಷರು (ಬಿಷಪ್) ವಿಧಿವತ್ತಾಗಿ ವಹಿಸಿಕೊಡಬಹುದಾದ ಸೇವೆಯಾಗಿ ಸ್ಥಾಪಿಸಿದಾಗ ನನಗೆ ಬಹಳ ಸಂತೋಷವಾಯಿತು. ನಮ್ಮ ಉಪದೇಶಿಗಳಿಗೆ ಸಲ್ಲಬೇಕಾಗಿದ್ದ ಗೌರವ ಅದು. ಆ ಪತ್ರವನ್ನು ನಮ್ಮ ಎಷ್ಟು ಧರ್ಮಕೇಂದ್ರಗಳ ಪಾಲನಾ ಪರಿಷತ್ತುಗಳು ಒಟ್ಟಿಗೆ ಕುಳಿತು ಓದಿವೆಯೋ ನನಗೆ ತಿಳಿಯದು. ಓದದಿದ್ದವರು ಮುಂದಿನ ಸಭೆಯಲ್ಲೇ ಓದಬೇಕು.

ಇನ್ನೊಂದು ವಿಷಯ. ವಯಸ್ಕರು ಕಲಿಯುವುದಿಲ್ಲ ಎನ್ನುವವರು ನಮ್ಮ ಕಡೆಯ ಹಾರೋಬೆಲೆಗೆ ಬಂದು ನೋಡಬೇಕು. ಅಲ್ಲಿ ಯೇಸುವಿನ ಪಾಡುಮರಣದ ನಾಟಕ ನೂರು ವರ್ಷಕ್ಕೂ ಮೀರಿ ನಡೆದು ಬಂದಿದೆ. ಹಗಲೆಲ್ಲ ದುಡಿದು ಬಂದ ಗಂಡಸರು ರಾತ್ರಿ ಹೊತ್ತು ಪುಟಗಟ್ಟಲೆ ಸಂಭಾಷಣೆ ಕಂಠಪಾಠ ಮಾಡುತ್ತಾರೆ. ಪೇತ್ರನ ಪಾತ್ರ ವಹಿಸುವವನಿಗೆ ಆ ಮೂರು ನಿರಾಕರಣೆಗಳ ಬಗ್ಗೆ ಯಾವ ಪ್ರವಚನಕಾರನೂ ಹೇಳಿಕೊಡಬೇಕಾಗಿಲ್ಲ. ಕಲಿಕೆ ನಾಟಕದಲ್ಲಿದೆ, ಶಿಲುಬೆಹಾದಿಯ ಹಾಡಿನಲ್ಲಿದೆ, ಸಾವಿನ ಮನೆಯ ರಾತ್ರಿ ಪ್ರಾರ್ಥನೆಯಲ್ಲಿದೆ. ಅಲ್ಲಿರುವುದನ್ನು ಆಳಗೊಳಿಸುವ ಕೆಲಸ ಮಾತ್ರ ಬಾಕಿ.

ಬೆಂಗಳೂರಿನ ಓದುಗ

ನಗರದ ಪರಿಸ್ಥಿತಿ ಬೇರೆಯೇ ಇದೆ. ನಮ್ಮ ಧರ್ಮಕೇಂದ್ರದಲ್ಲಿ ಒಂದೇ ಭಾನುವಾರ ಇಂಗ್ಲಿಷ್, ಕನ್ನಡ, ತಮಿಳು, ಕೊಂಕಣಿ ಬಲಿಪೂಜೆಗಳು ನಡೆಯುತ್ತವೆ. ಒಂದು ಗುಂಪು ಹೊರಗೆ ಬರುವಷ್ಟರಲ್ಲಿ ಮತ್ತೊಂದು ಗುಂಪು ಒಳಗೆ ಹೋಗುತ್ತಿರುತ್ತದೆ. ನಿಂತು ಮಾತನಾಡಲು ಜಾಗವೂ ಇಲ್ಲ, ಸಮಯವೂ ಇಲ್ಲ. ಎರಡು ವರ್ಷಗಳ ಹಿಂದೆ ನಾವು ವಯಸ್ಕರಿಗಾಗಿ ಉಪನ್ಯಾಸ ಮಾಲೆಯೊಂದನ್ನು ಏರ್ಪಡಿಸಿದ್ದೆವು. ಸೆಮಿನರಿಯಿಂದ ವಿದ್ವಾಂಸರೊಬ್ಬರು ಬಂದು, ಚಿತ್ರಪಟಗಳೊಂದಿಗೆ, ಬಹಳ ಶ್ರದ್ಧೆಯಿಂದ ಮಾತನಾಡಿದರು. ಮೊದಲ ದಿನ ಸಭಾಂಗಣ ತುಂಬಿತ್ತು. ಆಮೇಲೆ ವಾರದಿಂದ ವಾರಕ್ಕೆ ಕುರ್ಚಿಗಳು ಖಾಲಿಯಾಗುತ್ತಾ ಹೋದವು. ಬಿಟ್ಟವರಲ್ಲಿ ಕೆಲವರನ್ನು ಕೇಳಿದಾಗ ಯಾರೂ ವಿಷಯ ಕಷ್ಟವಾಯಿತೆನ್ನಲಿಲ್ಲ. ತಮಗೆ ಮಾತನಾಡಲು ಅವಕಾಶವೇ ಇರಲಿಲ್ಲ ಎಂದರು. ಒಬ್ಬ ತಂದೆಯ ಮಾತು ನೆನಪಿದೆ: ತನ್ನ ಮಗಳು 'ವಿಜ್ಞಾನ ಓದಿದವರು ಆದಿಕಾಂಡವನ್ನು ಹೇಗೆ ನಂಬುವುದು' ಎಂದು ಕೇಳಿದ್ದಾಳೆ, ಅದಕ್ಕೆ ಏನು ಹೇಳಲಿ ಎಂದು ತಿಳಿದುಕೊಳ್ಳಲು ಬಂದಿದ್ದೆ, ಆದರೆ ಉಪನ್ಯಾಸ ಬೇರೆ ದಾರಿಯಲ್ಲಿ ಹೋಯಿತು ಎಂದು.

ನಾವು ಬಿಟ್ಟ ಜಾಗ ಖಾಲಿ ಉಳಿಯುವುದಿಲ್ಲ. ಧರ್ಮಕೇಂದ್ರದ ವಾಟ್ಸಾಪ್ ಗುಂಪುಗಳಲ್ಲಿ ದಿನವೂ ಹರಿದಾಡುವ ಸಂದೇಶಗಳನ್ನು ನೋಡಿದವರಿಗೆ ಇದು ಗೊತ್ತು. ಇಂತಿಷ್ಟು ಜನರಿಗೆ ಕಳುಹಿಸದಿದ್ದರೆ ಕೇಡಾಗುತ್ತದೆ ಎಂಬ ಪ್ರಾರ್ಥನೆಗಳು, ಜಗದ್ಗುರುಗಳು ಹೇಳದೇ ಇದ್ದ ಮಾತುಗಳು, ಲೋಕಾಂತ್ಯದ ದಿನಾಂಕಗಳು ಎಲ್ಲವೂ ಅಲ್ಲಿವೆ. ಬೈಬಲನ್ನು ಕೈಯಲ್ಲಿ ಹಿಡಿದು ವಚನ ವಚನವಾಗಿ ವಿವರಿಸುವ ಇತರ ಕ್ರೈಸ್ತ ಸಭೆಗಳ ಪ್ರಾರ್ಥನಾ ಮಂದಿರಗಳಿಗೂ ನಮ್ಮವರು ಹೋಗುತ್ತಾರೆ. ಅವರನ್ನು ನಾನು ದೂಷಿಸುವುದಿಲ್ಲ. ಆ ಹಸಿವು ನಿಜವಾದದ್ದು. ಪವಿತ್ರ ಗ್ರಂಥವನ್ನು ಅರಿಯದಿರುವುದು ಕ್ರಿಸ್ತರನ್ನೇ ಅರಿಯದಿರುವುದು ಎಂಬ ಸಂತ ಜೆರೋಮರ ಮಾತನ್ನು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಎಲ್ಲ ವಿಶ್ವಾಸಿಗಳ ಮುಂದೆ ಇಟ್ಟಿತು. ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾವಿಧಿ ಕೇಂದ್ರವು 1967ರಿಂದ ನಮ್ಮ ಇದೇ ಊರಿನಲ್ಲಿದೆ. ಫಾದರ್ ಅಮಲೋರ್ಪವದಾಸ್ ಅವರು ಅದನ್ನು ಕಟ್ಟಿ, ದೇಶದ ಮೂಲೆಮೂಲೆಯಿಂದ ಗುರುಗಳನ್ನೂ ಧರ್ಮಭಗಿನಿಯರನ್ನೂ ಶ್ರೀಸಾಮಾನ್ಯರನ್ನೂ ಕರೆದು ತರಬೇತಿ ಕೊಟ್ಟರು. ಅಂಥ ಸಂಸ್ಥೆಯ ನೆರಳಿನಲ್ಲೇ ಇರುವ ನಾವು, ಕಚೇರಿಯಿಂದ ದಣಿದು ಬಂದವನು ಅರ್ಧ ಗಂಟೆಯಲ್ಲಿ ಓದಿ ಮನೆಯವರೊಡನೆ ಮಾತನಾಡಬಹುದಾದ ಕನ್ನಡ ಸಾಮಗ್ರಿಗಾಗಿ ಪರದಾಡಬೇಕಾಗಿದೆ.

ಒಬ್ಬ ಧರ್ಮಭಗಿನಿ (ಶಿವಮೊಗ್ಗ ಕಡೆಯ ಹಳ್ಳಿಗಳಲ್ಲಿ ಸೇವೆ)

ಬೆಂಗಳೂರಿನ ಸಹೋದರರು ಉಪನ್ಯಾಸದ ಬಗ್ಗೆ ಬರೆದದ್ದನ್ನು ಓದಿ, ನಾವು ಹಳ್ಳಿಗಳಲ್ಲಿ ಅನುಸರಿಸುತ್ತಿರುವ ಕ್ರಮವನ್ನು ಸ್ವಲ್ಪ ವಿವರವಾಗಿ ಬರೆಯಬೇಕೆನಿಸಿತು. ದಕ್ಷಿಣ ಆಫ್ರಿಕಾದ ಲುಮ್ಕೊ ಸಂಸ್ಥೆಯಲ್ಲಿ ರೂಪುಗೊಂಡು ಏಷ್ಯಾದ ಧರ್ಮಕೇಂದ್ರಗಳಿಗೂ ಹಬ್ಬಿದ 'ಏಳು ಹೆಜ್ಜೆ'ಗಳ ಶುಭಸಂದೇಶ ಹಂಚಿಕೆ ಇದು. ಕಿರು ಕ್ರೈಸ್ತ ಸಮುದಾಯಗಳ ಕೂಟಕ್ಕೆಂದೇ ಇದನ್ನು ರೂಪಿಸಿದ್ದಾರೆ. ಮೊದಲು ಒಬ್ಬರು ತಮ್ಮ ಮಾತಿನಲ್ಲೇ ಪ್ರಭುವನ್ನು ನಮ್ಮ ನಡುವೆ ಆಹ್ವಾನಿಸುತ್ತಾರೆ. ಆಮೇಲೆ ಮುಂದಿನ ಭಾನುವಾರದ ಶುಭಸಂದೇಶವನ್ನು ನಿಧಾನವಾಗಿ ಓದುತ್ತಾರೆ. ಮೂರನೆಯ ಹೆಜ್ಜೆಯಲ್ಲಿ ಪ್ರತಿಯೊಬ್ಬರೂ ತಮ್ಮನ್ನು ತಟ್ಟಿದ ಒಂದೇ ಒಂದು ಪದವನ್ನೋ ಚಿಕ್ಕ ವಾಕ್ಯವನ್ನೋ ಗಟ್ಟಿಯಾಗಿ ಹೇಳುತ್ತಾರೆ, ವಿವರಣೆ ಕೊಡುವಂತಿಲ್ಲ. ನಾಲ್ಕನೆಯದು ಮೌನ. ಐದರಲ್ಲಿ ತಮ್ಮ ಬದುಕಿಗೆ ಆ ಮಾತು ಏನು ಹೇಳಿತೆಂದು ಹಂಚಿಕೊಳ್ಳುತ್ತಾರೆ. ಇಲ್ಲಿಯೂ ಯಾರೂ ಯಾರಿಗೂ ಬೋಧಿಸುವಂತಿಲ್ಲ, ತಿದ್ದುವಂತಿಲ್ಲ. ಆರರಲ್ಲಿ ಈ ವಾರ ನಾವು ಒಟ್ಟಾಗಿ ಮಾಡಬೇಕಾದ ಕೆಲಸ ಯಾವುದೆಂದು ತೀರ್ಮಾನಿಸುತ್ತಾರೆ. ಏಳನೆಯದು ಸ್ವಂತ ಮಾತಿನ ಪ್ರಾರ್ಥನೆ.

ಒಂದು ಸಂಜೆ ಸಂತ ಲೂಕರ ಐದನೆಯ ಅಧ್ಯಾಯ ಓದಿದ್ದೆವು. ಮೂರನೆಯ ಹೆಜ್ಜೆ ಬಂದಾಗ ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಬಾಗಿಲ ಬಳಿ ಗೋಡೆಗೊರಗಿ ಕುಳಿತಿದ್ದ ಅಡಿಕೆ ಸುಲಿಯುವ ಕೆಲಸದ ಒಬ್ಬ ಅಣ್ಣ, ಹೆಂಡತಿಯ ಒತ್ತಾಯಕ್ಕೆ ಬಂದವರು, 'ರಾತ್ರಿಯೆಲ್ಲಾ ದುಡಿದರೂ' ಎಂದಷ್ಟೇ ಹೇಳಿದರು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಬ್ಬರು ಅದನ್ನೇ ಹೇಳಿದರು. ಐದನೆಯ ಹೆಜ್ಜೆಯಲ್ಲಿ ಆ ಅಣ್ಣ ತಮ್ಮ ಕೈಸಾಲದ ಕಥೆಯನ್ನು ಮೊದಲ ಬಾರಿಗೆ ನೆರೆಹೊರೆಯವರ ಮುಂದೆ ತೆರೆದಿಟ್ಟರು. ಆರನೆಯ ಹೆಜ್ಜೆಯಲ್ಲಿ ಅವರ ಮಗಳ ಶಾಲೆಯ ಶುಲ್ಕಕ್ಕೆ ಏನು ಮಾಡಬಹುದೆಂದು ಕೂಟ ಮಾತನಾಡಿತು. ಪೇತ್ರನ ಬರಿದಾದ ಬಲೆಯ ಬಗ್ಗೆ ನಾನು ಒಂದು ಗಂಟೆ ಬೋಧಿಸಿದ್ದರೂ ಆ ಮನೆಯಲ್ಲಿ ಅಷ್ಟು ನಡೆಯುತ್ತಿರಲಿಲ್ಲ.

ಎಲ್ಲ ಕಡೆ ಹೀಗೆ ನಡೆಯುತ್ತಿದೆ ಎಂದು ಭಾವಿಸಬೇಡಿ. ಬಹುತೇಕ ಕೂಟಗಳು ಜಪಸರ, ಒಂದಿಷ್ಟು ಪ್ರಕಟಣೆ, ಚಂದಾ ವಸೂಲಿ, ಕೊನೆಗೆ ಮಂಡಕ್ಕಿ ಚಹಾ, ಇಷ್ಟಕ್ಕೆ ಬಂದು ನಿಂತಿವೆ. ಗಂಡಸರು ಬರುವುದು ಕಡಿಮೆ. ಹೆಂಗಸರೇ ನಡೆಸುತ್ತಾರೆ, ಆದರೆ ತೀರ್ಮಾನಗಳಾಗುವ ಪಾಲನಾ ಪರಿಷತ್ತಿನಲ್ಲಿ ಅವರ ಸಂಖ್ಯೆ ಕಡಿಮೆ. ಇದು ಬದಲಾಗದೆ ವಯಸ್ಕರ ಪೋಷಣೆಯ ಮಾತು ಮುಂದೆ ಸಾಗದು.

ವಾಚಕರು ಅಜ್ಜಿಯ ಪ್ರಶ್ನೆಯನ್ನು ಬರೆದಿದ್ದಾರೆ. ಅದಕ್ಕೆ ಸಮನಾದ ಇನ್ನೊಂದು ಪ್ರಶ್ನೆ ನಮ್ಮ ರೈತ ಕುಟುಂಬಗಳಲ್ಲಿದೆ: ಆತ್ಮಹತ್ಯೆ ಮಾಡಿಕೊಂಡವರ ಗತಿ. 1917ರ ಹಳೆಯ ಸಂಹಿತೆಯು ತಿಳಿದೂ ತಿಳಿದೂ ಹಾಗೆ ಮಾಡಿಕೊಂಡವರಿಗೆ ಧರ್ಮಸಭೆಯ ಅಂತ್ಯಸಂಸ್ಕಾರವನ್ನು ನಿರಾಕರಿಸಿತ್ತು. 1983ರ ಸಂಹಿತೆಯಲ್ಲಿ ಅವರ ಹೆಸರು ಆ ಪಟ್ಟಿಯಲ್ಲಿಲ್ಲ. ತೀವ್ರವಾದ ಮನೋವ್ಯಥೆ, ಭಯ, ಸಂಕಟಗಳು ಅಂಥವರ ಹೊಣೆಯನ್ನು ತಗ್ಗಿಸಬಲ್ಲವು, ಅವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದು, ಅವರಿಗಾಗಿ ಪ್ರಾರ್ಥಿಸಬೇಕು ಎಂದು ಧರ್ಮೋಪದೇಶ ಗ್ರಂಥ ಕಲಿಸುತ್ತದೆ. ಗಂಡನನ್ನು ಹಾಗೆ ಕಳೆದುಕೊಂಡ ಹೆಣ್ಣುಮಗಳು ದೇವಾಲಯದ ಕೊನೆಯ ಸಾಲಿನಲ್ಲಿ ತಲೆತಗ್ಗಿಸಿ ಕೂರುವಂತೆ ಮಾಡುವುದು ನಮ್ಮ ಅಜ್ಞಾನವೇ. ವಯಸ್ಕರಿಗೆ ಕಲಿಸದಿದ್ದರೆ ಆಗುವ ಹಾನಿ ಪುಸ್ತಕದ ಮಟ್ಟದ್ದಲ್ಲ, ಮನುಷ್ಯರ ಮೇಲೆ ಬೀಳುವಂಥದ್ದು.

ವಯಸ್ಕಳಾಗಿ ದೀಕ್ಷೆ ಪಡೆದವಳು

ಈ ಚರ್ಚೆಯಲ್ಲಿ ಎಲ್ಲರೂ ಹುಟ್ಟು ಕಥೋಲಿಕರ ಬಗ್ಗೆಯೇ ಬರೆಯುತ್ತಿರುವುದರಿಂದ ನನ್ನ ಅನುಭವವನ್ನೂ ಸೇರಿಸುತ್ತೇನೆ. ನಾನು ಕ್ರೈಸ್ತಳಲ್ಲದ ಕುಟುಂಬದಲ್ಲಿ ಹುಟ್ಟಿ, ಮದುವೆಯಾಗಿ ಹಲವು ವರ್ಷಗಳ ನಂತರ, ನನ್ನ ಸ್ವಂತ ಇಚ್ಛೆಯಿಂದ ದೀಕ್ಷಾಸ್ನಾನ ಕೇಳಿದವಳು. ಅತ್ತೆ ಮನೆಯವರು ಎಂದೂ ಒತ್ತಾಯ ಮಾಡಿರಲಿಲ್ಲ. ರಾತ್ರಿ ಊಟದ ನಂತರ ಅತ್ತೆಯವರು ಕೆಲಸದವಳ ಹೆಸರನ್ನೂ ಸೇರಿಸಿ ಪ್ರಾರ್ಥಿಸುತ್ತಿದ್ದ ರೀತಿ ನನ್ನನ್ನು ಸೆಳೆಯಿತು.

ವಯಸ್ಕರನ್ನು ಬರಮಾಡಿಕೊಳ್ಳಲು ಧರ್ಮಸಭೆಯಲ್ಲಿ ಬಹಳ ಸುಂದರವಾದ ಕ್ರಮವೊಂದಿದೆ ಎಂಬುದು ನನಗೆ ದೀಕ್ಷೆಯಾದ ಎಷ್ಟೋ ದಿನಗಳ ಮೇಲೆ ತಿಳಿಯಿತು. ಆದಿ ಧರ್ಮಸಭೆಯಲ್ಲಿದ್ದ ಈ ಹಂತಹಂತದ ಸಿದ್ಧತೆಯನ್ನು ಮತ್ತೆ ಜಾರಿಗೆ ತರಬೇಕೆಂದು ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಆದೇಶಿಸಿತು. ಅದರ ವಿಧಿಗ್ರಂಥ 1972ರ ಜನವರಿಯಲ್ಲಿ ಹೊರಬಂತು. ಮೊದಲು ವಿಚಾರಿಸುವ ಕಾಲ, ಆಮೇಲೆ ದೀಕ್ಷಾರ್ಥಿಯಾಗಿ ಸಮುದಾಯದ ಎದುರು ಸ್ವೀಕೃತರಾಗಿ ದೇವರ ವಾಕ್ಯದಲ್ಲಿ ಬೆಳೆಯುವ ದೀರ್ಘ ಕಾಲ, ತಪಸ್ಸುಕಾಲದಲ್ಲಿ ಅಂತಿಮ ಸಿದ್ಧತೆ, ಪಾಸ್ಖ (ಈಸ್ಟರ್) ಜಾಗರಣೆಯ ರಾತ್ರಿ ದೀಕ್ಷಾಸ್ನಾನ, ದೃಢೀಕರಣ, ಪರಮಪ್ರಸಾದ ಎಂಬ ಮೂರು ಸಂಸ್ಕಾರಗಳು, ಅದಾದ ಮೇಲೆ ಪಾಸ್ಖ ಕಾಲದುದ್ದಕ್ಕೂ ಪಡೆದದ್ದನ್ನು ಮನನ ಮಾಡಿಕೊಳ್ಳುವ ಅವಧಿ. ತಪಸ್ಸುಕಾಲದ ಮೂರು, ನಾಲ್ಕು ಮತ್ತು ಐದನೆಯ ಭಾನುವಾರಗಳಲ್ಲಿ ಸಮಾರ್ಯದ ಸ್ತ್ರೀ, ಹುಟ್ಟುಕುರುಡ, ಲಾಜರ, ಈ ಮೂರು ಕಥೆಗಳನ್ನು ಸಂತ ಯೊವಾನ್ನರ ಶುಭಸಂದೇಶದಿಂದ ಓದಿ ದೀಕ್ಷಾರ್ಥಿಗಳಿಗಾಗಿ ಇಡೀ ಸಭೆ ಪ್ರಾರ್ಥಿಸುತ್ತದೆ.

ನನಗೆ ದೊರೆತದ್ದು ಕಚೇರಿ ಕೋಣೆಯಲ್ಲಿ ಕೆಲವು ಶನಿವಾರಗಳ ಪಾಠ ಮತ್ತು ಕಂಠಪಾಠ ಮಾಡಲು ಪ್ರಾರ್ಥನೆಗಳ ಒಂದು ಪುಸ್ತಕ. ಕಲಿಸಿದವರು ಒಳ್ಳೆಯ ಮನಸ್ಸಿನಿಂದಲೇ ಕಲಿಸಿದರು. ಆದರೆ ಸಮುದಾಯಕ್ಕೆ ನನ್ನ ಪರಿಚಯವಾಗಲಿಲ್ಲ, ನನಗೆ ಸಮುದಾಯದ ಪರಿಚಯವಾಗಲಿಲ್ಲ. ದೀಕ್ಷೆಯ ಮರುವಾರದಿಂದ ಯಾರೂ ಏನನ್ನೂ ಕೇಳಲಿಲ್ಲ. ದೀಕ್ಷಾಮಾತೆಯಾಗಿ ನಿಂತ ಪಕ್ಕದ ಬೀದಿಯ ಅಕ್ಕ ಮಾತ್ರ ಇಂದಿಗೂ ನನ್ನನ್ನು ಕೈಬಿಟ್ಟಿಲ್ಲ. ಇಬ್ಬರು ದೀಕ್ಷಾರ್ಥಿಗಳಿದ್ದರೂ ಸಾಕು, ದಯವಿಟ್ಟು ಆ ಕ್ರಮವನ್ನು ಪೂರ್ಣವಾಗಿ, ಎಲ್ಲರೆದುರು ನಡೆಸಿರಿ. ಅದನ್ನು ನೋಡುವ ಹುಟ್ಟು ಕಥೋಲಿಕರಿಗೂ ತಾವು ಶಿಶುವಾಗಿದ್ದಾಗ ಪಡೆದದ್ದು ಏನೆಂದು ಆಗ ತಿಳಿಯುತ್ತದೆ.

ಉಡುಪಿ ಕಡೆಯ ಓದುಗರು

ಸಹೋದರಿಯವರ ಬರಹ ಮನಮುಟ್ಟಿತು. ಆದರೆ ನನಗೊಂದು ಆತಂಕವಿದೆ, ಅದನ್ನು ಮುಚ್ಚಿಡದೆ ಹೇಳುತ್ತೇನೆ. ನಮ್ಮ ಕರಾವಳಿಯಲ್ಲಿ ವಾರ್ಡು ವ್ಯವಸ್ಥೆ ಗಟ್ಟಿಯಾಗಿದೆ, ವಾರ್ಡಿನ ಮುಂದಾಳುಗಳಾದ ಗುರಿಕಾರರಿದ್ದಾರೆ, ಕೂಟಗಳು ನಡೆಯುತ್ತವೆ. ಆದರೆ ಸುವಾರ್ತಾ ಪ್ರಸಾರ ಎಂಬ ಮಾತು ಬಂದ ಕೂಡಲೇ ಜನ ಹಿಂಜರಿಯುತ್ತಾರೆ. ಕರ್ನಾಟಕದಲ್ಲಿ 2022ರಲ್ಲಿ ಬಂದ ಕಾಯ್ದೆಯು ಮತಾಂತರಕ್ಕೆ ಮೊದಲು ಜಿಲ್ಲಾ ದಂಡಾಧಿಕಾರಿಗೆ ಮುಂಚಿತವಾಗಿ ತಿಳಿಸುವುದನ್ನು ಕಡ್ಡಾಯಗೊಳಿಸಿತು. ಅದನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿದ್ದರೂ ಜನರ ಮನಸ್ಸಿನ ಅಂಜಿಕೆ ಹೋಗಿಲ್ಲ. ನೆರೆಯವರೊಂದಿಗೆ ತಲೆಮಾರುಗಳಿಂದ ಸೌಹಾರ್ದದಿಂದ ಬಾಳಿದವರು ನಾವು. ವಯಸ್ಕರ ಪೋಷಣೆಯನ್ನು ಸುವಾರ್ತಾ ಪ್ರಸಾರದ ಜೊತೆ ಸೇರಿಸಿದರೆ ಜನ ಎರಡರಿಂದಲೂ ದೂರ ಸರಿಯಬಹುದಲ್ಲವೇ?

ಒಬ್ಬ ಧರ್ಮಕೇಂದ್ರ ಗುರು (ಮೈಸೂರು ಕಡೆ)

ಉಡುಪಿಯವರ ಆತಂಕ ನ್ಯಾಯವಾದದ್ದು, ಅದಕ್ಕೇ ಮೊದಲು ಉತ್ತರಿಸುತ್ತೇನೆ. ಯಾರನ್ನೇ ಆಗಲಿ ಅವರ ಅಂತಃಸಾಕ್ಷಿಗೆ ವಿರುದ್ಧವಾಗಿ ಕಥೋಲಿಕ ವಿಶ್ವಾಸಕ್ಕೆ ಒತ್ತಾಯಿಸುವುದನ್ನು ನಮ್ಮ ಸಂಹಿತೆಯ 748ನೆಯ ವಿಧಿ ನಿಷೇಧಿಸುತ್ತದೆ. ಬಲವಂತವನ್ನೂ ಅನುಚಿತ ಆಮಿಷವನ್ನೂ ವ್ಯಾಟಿಕನ್ ಮಹಾಸಭೆ 1965ರಲ್ಲೇ ತಿರಸ್ಕರಿಸಿತು. ಧರ್ಮಸಭೆ ಬೆಳೆಯುವುದು ಮತಾಂತರದ ಹಟದಿಂದಲ್ಲ, ಆಕರ್ಷಣೆಯಿಂದ ಎಂಬ ಹದಿನಾರನೆಯ ಬೆನೆಡಿಕ್ಟರ ಮಾತನ್ನು ಫ್ರಾನ್ಸಿಸರು 2013ರಲ್ಲಿ ತಮ್ಮ ಪ್ರೇರಣಾ ಪತ್ರದಲ್ಲಿ ಎತ್ತಿಹಿಡಿದರು. ದೀಕ್ಷೆ ಪಡೆದ ಪ್ರತಿಯೊಬ್ಬರೂ ತಮ್ಮ ನಿರೀಕ್ಷೆಗೆ ಕಾರಣವೇನೆಂದು ಕೇಳಿದವರಿಗೆ ವಿನಯದಿಂದ ಹೇಳಬಲ್ಲವರಾಗುವುದು, ತಮ್ಮ ನಡತೆಯಿಂದ ಅಂಥ ಪ್ರಶ್ನೆ ಹುಟ್ಟುವಂತೆ ಬದುಕುವುದು, ಇದೇ ನಮ್ಮ ಸುವಾರ್ತೆಯ ದಾರಿ. ಮೇಲೆ ಬರೆದ ಸಹೋದರಿಯವರ ಅತ್ತೆ ಮಾಡಿದ್ದು ಅದನ್ನೇ.

ಸಂತ ದೇವಸಹಾಯಂ ಪಿಳ್ಳೈಯವರನ್ನು ನೆನೆಯಿರಿ. ಅವರು ತಿರುವಾಂಕೂರಿನ ಅರಮನೆಯ ಅಧಿಕಾರಿ, ವಿವಾಹಿತರು. ಆಸ್ತಿಪಾಸ್ತಿ ನಷ್ಟವಾಗಿ ಕುಗ್ಗಿದ್ದ ದಿನಗಳಲ್ಲಿ ಅವರ ಜೊತೆ ಕುಳಿತು, ಎಲ್ಲವನ್ನೂ ಕಳೆದುಕೊಂಡರೂ ವಿಶ್ವಾಸ ಬಿಡದ ಬೈಬಲಿನ ಯೋಬನ ಕಥೆ ಹೇಳಿದವರು ಗುರುವಲ್ಲ, ಕೊಳಚ್ಚಲ್ ಕದನದಲ್ಲಿ ಸೆರೆಸಿಕ್ಕು ರಾಜನ ಸೇನೆಯಲ್ಲೇ ಸೇವೆಗೆ ನಿಂತಿದ್ದ ಡಚ್ ಅಧಿಕಾರಿ ದೆ ಲನ್ನೊಯ್, ಅಂದರೆ ಒಬ್ಬ ಸಹೋದ್ಯೋಗಿ. ಪಿಳ್ಳೈಯವರು 1745ರಲ್ಲಿ ದೀಕ್ಷೆ ಪಡೆದು, 1752ರಲ್ಲಿ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟು, 2022ರ ಮೇ 15ರಂದು ಸಂತರೆಂದು ಘೋಷಿತರಾದರು. ಸಂಕಟದಲ್ಲಿರುವ ಗೆಳೆಯನಿಗೆ ಯೋಬನ ಕಥೆಯನ್ನು ಸರಿಯಾಗಿ ಹೇಳಬಲ್ಲ ಎಷ್ಟು ಮಂದಿ ಶ್ರೀಸಾಮಾನ್ಯರು ನಮ್ಮ ಧರ್ಮಕೇಂದ್ರದಲ್ಲಿದ್ದಾರೆ ಎಂದು ನಾನು ನನ್ನನ್ನೇ ಕೇಳಿಕೊಳ್ಳುತ್ತೇನೆ. ಪೋಷಣೆಯನ್ನೂ ಸುವಾರ್ತೆಯನ್ನೂ ಬೇರ್ಪಡಿಸಲು ಬಾರದು ಎನ್ನುವುದು ಈ ಕಾರಣಕ್ಕೆ. ಪ್ರೇಷಿತರ ಕಾರ್ಯಕಲಾಪಗಳ ಹದಿನೆಂಟನೆಯ ಅಧ್ಯಾಯದಲ್ಲಿ ವಾಗ್ಮಿಯಾಗಿದ್ದ ಅಪೊಲ್ಲೋಸನನ್ನು ಮನೆಗೆ ಕರೆದು ದೇವರ ಮಾರ್ಗವನ್ನು ಇನ್ನಷ್ಟು ಸ್ಪಷ್ಟವಾಗಿ ವಿವರಿಸಿದವರು ಡೇರೆ ಹೊಲೆಯುವ ಕಸುಬಿನ ದಂಪತಿ, ಪ್ರಿಸ್ಸಿಲ್ಲ ಮತ್ತು ಅಕ್ವಿಲ.

ಗುರುಗಳ ಪಾಡನ್ನೂ ಹೇಳಬೇಕು. ಶಾಲೆಯ ಆಡಳಿತ, ಕಟ್ಟಡ, ಹಬ್ಬದ ಲೆಕ್ಕ, ಆಸ್ಪತ್ರೆಯ ಭೇಟಿ, ಅಂತ್ಯಸಂಸ್ಕಾರ ಇವುಗಳ ನಡುವೆ ಬಲಿಪೂಜೆಯಲ್ಲಿ ಕೊಡುವ ಪ್ರಬೋಧನೆಗೆ ಸಿದ್ಧತೆಯೇ ಕೆಲವೊಮ್ಮೆ ಶನಿವಾರ ರಾತ್ರಿಗೆ ಬೀಳುತ್ತದೆ. ಆದರೆ ಬಹುತೇಕ ವಯಸ್ಕರಿಗೆ ವಾರದಲ್ಲಿ ದೊರೆಯುವ ಏಕೈಕ ಬೋಧನೆ ಆ ಹತ್ತು ನಿಮಿಷದ ಪ್ರಬೋಧನೆ. ಭಾನುವಾರದ ವಾಚನಗಳು ಮೂರು ವರ್ಷಗಳ ಆವರ್ತನದಲ್ಲಿ ಮತ್ತಾಯ, ಮಾರ್ಕ, ಲೂಕರ ಶುಭಸಂದೇಶಗಳನ್ನು ಒಂದೊಂದು ವರ್ಷಕ್ಕೊಂದರಂತೆ ಮುಂದಿಡುತ್ತವೆ, ಯೊವಾನ್ನರನ್ನು ಅಲ್ಲಲ್ಲಿ ಹೆಣೆಯುತ್ತವೆ. ಅದನ್ನೇ ಪಠ್ಯವಾಗಿಟ್ಟುಕೊಂಡರೆ ಬೇರೆ ಪುಸ್ತಕಕ್ಕೆ ಕಾಯಬೇಕಾಗಿಲ್ಲ.

ನಮ್ಮಲ್ಲಿ ಈಗ ನಡೆಯುತ್ತಿರುವುದು ಇಷ್ಟು. ಮಕ್ಕಳ ತರಗತಿ ನಡೆಯುವ ಅದೇ ಗಂಟೆಯಲ್ಲಿ ತಂದೆತಾಯಿಯರಿಗೆ ದೇವಾಲಯದೊಳಗೇ ಒಂದು ಕೂಟ. ಅವರು ಹೇಗೂ ಅಲ್ಲೇ ಕಾಯುತ್ತಿರುತ್ತಾರೆ. ಹೊಸ ದಿನ, ಹೊಸ ಸಮಯ ಹುಡುಕಬೇಕಾಗಿಲ್ಲ. ಗುರುವಾರ ವಾಚನಗಳ ಜೊತೆ ಎರಡು ಪ್ರಶ್ನೆಗಳನ್ನು ಕಳುಹಿಸುತ್ತೇವೆ. ಕೂಟವನ್ನು ನಡೆಸುವವರು ನಾಲ್ವರು ಶ್ರೀಸಾಮಾನ್ಯರು: ಒಬ್ಬ ನರ್ಸ್, ಇಬ್ಬರು ಶಿಕ್ಷಕರು, ಒಬ್ಬ ಬಸ್ ನಿರ್ವಾಹಕ. ನಾನು ಪಕ್ಕದಲ್ಲಿ ಕೂರುತ್ತೇನೆ, ಕೇಳಿದರೆ ಮಾತ್ರ ಉತ್ತರಿಸುತ್ತೇನೆ. ನಾನೇ ನಡೆಸಿದಾಗ ಎಲ್ಲರೂ ನನ್ನ ಮುಖ ನೋಡಿ ಸುಮ್ಮನಿರುತ್ತಿದ್ದರು. ಒಂದು ಪೆಟ್ಟಿಗೆಯನ್ನೂ ಇಟ್ಟಿದ್ದೇವೆ. ಹೆಸರಿಲ್ಲದೆ ಪ್ರಶ್ನೆ ಬರೆದು ಹಾಕಬಹುದು. ಅದರಲ್ಲಿ ಬಂದ ಪ್ರಶ್ನೆಗಳನ್ನು ನೋಡಿ ನನ್ನ ಪ್ರಬೋಧನೆಯೇ ಬದಲಾಯಿತು: ಕೃತಕ ಗರ್ಭಧಾರಣೆ, ಬೇರೆ ಧರ್ಮದ ಅಳಿಯ, ಪಾಪನಿವೇದನೆಗೆ ವರ್ಷಗಟ್ಟಲೆ ಬರದವರು ಹೇಗೆ 'ಮೊದಲು' ಮಾಡಬೇಕು, ತಂದೆಯನ್ನು ಕ್ಷಮಿಸಲಾಗದಿದ್ದರೆ ಪರಮಪ್ರಸಾದ ಸ್ವೀಕರಿಸಬಹುದೇ.

ಹಣದ ವಿಷಯವನ್ನೂ ಹೇಳಿಬಿಡುತ್ತೇನೆ. ಹಬ್ಬದ ದೀಪಾಲಂಕಾರಕ್ಕೂ ಬ್ಯಾಂಡಿಗೂ ಖರ್ಚು ಮಾಡುವ ಧರ್ಮಕೇಂದ್ರವು ಇಬ್ಬರನ್ನು ತರಬೇತಿಗೆ ಕಳುಹಿಸಲು ಹಣವಿಲ್ಲ ಎನ್ನಬಾರದು. ಪಾಲನಾ ಪರಿಷತ್ತಿನ ಆಯವ್ಯಯದಲ್ಲಿ ವಯಸ್ಕರ ಧರ್ಮೋಪದೇಶಕ್ಕೆ ಪ್ರತ್ಯೇಕವಾದ ಒಂದು ಸಾಲು ಇರಲೇಬೇಕು.

ಹಾಸನ ಕಡೆಯ ವಾಚಕ

ಫಾದರ್, ತುಂಬ ಧನ್ಯವಾದಗಳು. ತಂದೆತಾಯಿಯರ ಕೂಟದ ವಿಷಯವನ್ನು ನಮ್ಮ ಗುರುಗಳ ಮುಂದೆ ಇಟ್ಟಿದ್ದೇನೆ. ಕ್ರಿಸ್‌ಮಸ್‌ಗೆ ಮುಂಚಿನ ಆಗಮನಕಾಲದ ಮೊದಲ ಭಾನುವಾರದಿಂದ, ಹೊಸ ವಾಚನಾವರ್ಷದ ಜೊತೆಗೇ ಆರಂಭಿಸೋಣ ಎಂದಿದ್ದಾರೆ. ನಿವೃತ್ತ ಶಿಕ್ಷಕರು ಹೇಳಿದಂತೆ 2021ರ ಪತ್ರವನ್ನೂ ಪಾಲನಾ ಪರಿಷತ್ತಿನಲ್ಲಿ ಓದಲಿದ್ದೇವೆ. ಸಿಸ್ಟರ್, ನಿಮ್ಮಲ್ಲಿ ಎರಡು ಸಂದೇಹಗಳು. ಓದು ಬಾರದವರು ಕೂಟದಲ್ಲಿದ್ದರೆ ಮೂರನೆಯ ಹೆಜ್ಜೆಯನ್ನು ಹೇಗೆ ನಡೆಸುತ್ತೀರಿ? ಒಬ್ಬರೇ ಎಲ್ಲ ಮಾತನ್ನೂ ಆಡತೊಡಗಿದರೆ ಏನು ಮಾಡುತ್ತೀರಿ?

ಒಬ್ಬ ಧರ್ಮಭಗಿನಿ

ಓದು ಬಾರದವರಿದ್ದಾಗ ಭಾಗವನ್ನು ಎರಡು ಸಲ ಬೇರೆ ಬೇರೆ ಧ್ವನಿಯಲ್ಲಿ ಓದಿಸುತ್ತೇವೆ, ಸಾಧ್ಯವಾದರೆ ಒಂದು ಗಂಡಸಿನ ಧ್ವನಿ, ಒಂದು ಹೆಂಗಸಿನ ಧ್ವನಿ. ಆಮೇಲೆ 'ಕಿವಿಯಲ್ಲಿ ಉಳಿದ ಒಂದು ಮಾತನ್ನು ಹೇಳಿ' ಎನ್ನುತ್ತೇವೆ. ಓದು ಬಾರದವರು ಕೇಳಿದ್ದನ್ನು ನೆನಪಿಡುವುದರಲ್ಲಿ ನಮಗಿಂತ ಮುಂದಿರುತ್ತಾರೆ. ಅವರು ಮಾತನ್ನು ತುಸು ಬದಲಿಸಿ ಹೇಳಿದರೂ ತಿದ್ದುವುದಿಲ್ಲ.

ಒಬ್ಬರೇ ಮಾತನಾಡುವ ಸಂದರ್ಭದಲ್ಲಿ, ಕೂಟದ ಆರಂಭದಲ್ಲೇ ನಿಯಮವನ್ನು ಎಲ್ಲರಿಗೂ ಕೇಳುವಂತೆ ಹೇಳಿಬಿಡಿ: 'ನಾನು', 'ನನಗೆ' ಎಂದು ಆರಂಭವಾಗುವ ಮಾತಿಗೆ ಮಾತ್ರ ಅವಕಾಶ, 'ನಾವೆಲ್ಲರೂ ಹೀಗಿರಬೇಕು' ಎಂದು ಆರಂಭಿಸುವಂತಿಲ್ಲ. ಎಲ್ಲರೂ ಒಮ್ಮೆ ಮಾತನಾಡುವವರೆಗೆ ಯಾರೂ ಎರಡನೆಯ ಬಾರಿ ಮಾತನಾಡುವಂತಿಲ್ಲ. ಹೆಚ್ಚು ಮಾತನಾಡುವವರಿಗೆ ಮುಂದಿನ ವಾರ ಕೂಟ ನಡೆಸುವ ಕೆಲಸ ಕೊಡಿ. ನಡೆಸುವವರು ಬೇರೆಯವರನ್ನು ಮಾತನಾಡಿಸಬೇಕಾಗುವುದರಿಂದ ಅವರೇ ತಮ್ಮ ಮಾತನ್ನು ಕಡಿಮೆ ಮಾಡಿಕೊಳ್ಳುತ್ತಾರೆ. ಮೌನದ ಹೆಜ್ಜೆಯಲ್ಲಿ ಗಡಿಯಾರವನ್ನು ಒಬ್ಬರ ಕೈಯಲ್ಲಿಡಿ, ಇಲ್ಲದಿದ್ದರೆ ಅರ್ಧ ನಿಮಿಷಕ್ಕೇ ಯಾರಾದರೂ ಹಾಡು ಆರಂಭಿಸುತ್ತಾರೆ. ಆರಂಭಿಸುವ ಮೊದಲು ನಿಮ್ಮ ನಾಲ್ಕೈದು ಮಂದಿ ಮುಂದಾಳುಗಳು ಬರುವುದಾದರೆ ಒಂದು ಶನಿವಾರ ನಮ್ಮ ಊರಿನ ಕೂಟದಲ್ಲೇ ಕುಳಿತು ನೋಡಬಹುದು. ಉಳಿದುಕೊಳ್ಳಲು ಕಾನ್ವೆಂಟಿನಲ್ಲಿ ಜಾಗವಿದೆ, ಮುಂಚಿತವಾಗಿ ತಿಳಿಸಿರಿ.